ಜೀಪಿನ ಡಬ್ಬದಲ್ಲಿದ್ದ ಹನ್ನೊಂದು ಕಾರ್ಡು

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತವಳು ನಾನು. ನಿವೃತ್ತಿಯಾದ ಮೇಲೆ ಸುಮ್ಮನಿರಲಾರದೆ ಕೊಪ್ಪ, ಶೃಂಗೇರಿ ಕಡೆಯ ಹೆಂಗಸರ ಸಂಘಗಳಿಗೆ ಹೋಗಿ ಪಾಠ ಹೇಳಲು ಶುರುಮಾಡಿದೆ. ಪಾಸ್‌ಬುಕ್ ಓದುವುದು ಹೇಗೆ, ಎಟಿಎಂ ಬಳಸುವುದು ಹೇಗೆ, ಫೋನು ಮಾಡಿ ಯಾರಾದರೂ ನಂಬರು ಕೇಳಿದರೆ ಏನು ಮಾಡಬೇಕು, ಇಷ್ಟೇ. ತಾಳ್ಮೆ ನನಗೆ ಮೊದಲಿನಿಂದಲೂ ಕಮ್ಮಿ. ನೆಮ್ಮಾರಿನ ಅಜ್ಜಿಯೊಬ್ಬರು, "ನೀವು ಬೈಯೋದು ನಿಲ್ಸಿದ್ರೆ ನಮ್ಗೆ ಅರ್ಥ ಆಗ್ತದೆ ಮಾರಾಯ್ರೆ" ಎಂದು ಮುಖಕ್ಕೇ ಹೇಳಿದ್ದರು.

ಬಸರೀಕಟ್ಟೆಯಲ್ಲಿ ಪಾಠ ಭಾನುವಾರ ಮಧ್ಯಾಹ್ನ. ಬರುತ್ತಿದ್ದವರು ಕಾಫಿ ತೋಟದಲ್ಲಿ ಕೆಲಸ ಮಾಡುವ ಹನ್ನೊಂದು ಹೆಂಗಸರು. ಮೊದಲ ದಿನವೇ, "ಎಲ್ಲರೂ ನಿಮ್ಮ ನಿಮ್ಮ ಕಾರ್ಡು ತೆಗೀರಿ" ಎಂದೆ. ಎಲ್ಲರೂ ಕಿಟಕಿಯಾಚೆ ನೋಡಿದರು. ಹೊರಗೆ ಅವರನ್ನು ಕರೆತಂದಿದ್ದ ತೋಟದ ಜೀಪು ನಿಂತಿತ್ತು. ಡ್ರೈವರ್ ಜೀಪಿನ ಮುಂದಿನ ಡಬ್ಬದ ಬೀಗ ತೆಗೆದು, ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟನ್ನು ತಂದುಕೊಟ್ಟ. ಒಂದೊಂದರ ಬೆನ್ನಿಗೂ ಅದರದರ ಗುಟ್ಟಿನ ನಂಬರು ಬರೆದಿತ್ತು. ಸಂತೆಯ ದಿನ ಅವನು ಕೊಪ್ಪಕ್ಕೆ ಹೋಗಿ ಎಲ್ಲರ ದುಡ್ಡನ್ನೂ ತೆಗೆದು ತಂದುಕೊಡುವುದು ಅಲ್ಲಿಯ ರೂಢಿಯಂತೆ.

"ಕುರಿ ಕಾಯೋಕೆ ತೋಳನನ್ನ ಇಟ್ಟ ಹಾಗಾಯ್ತು!" ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವನು ಅಲ್ಲೇ ನಿಂತಿದ್ದ. ಹೋಗಿ ಜೀಪಿನಲ್ಲಿ ಕೂತ.

ಮುಂದಿನ ಸಾಲಿನವಳೊಬ್ಬಳಿಗೆ ತಡೆಯಲಾಗಲಿಲ್ಲ. "ಅವ ಒಂದು ರೂಪಾಯಿ ಆಚೀಚೆ ಮಾಡಿದವ ಅಲ್ಲ ಅಮ್ಮ. ಕಾರ್ಡು ಮನೇಲಿಟ್ರೆ ನಮ್ಮ ಗಂಡಸ್ರು ಬಿಡ್ತಾರಾ? ಮೂರೇ ದಿನಕ್ಕೆ ದುಡ್ಡು ಬ್ರಾಂದಿ ಅಂಗಡಿ ಸೇರ್ತದೆ." ಅವಳು ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆಂದು ಎರಡು ವರ್ಷದಿಂದ ಕೂಲಿಯಲ್ಲಿ ಉಳಿಸುತ್ತಿದ್ದಳು. ಅಷ್ಟೂ ಆ ಕಾರ್ಡಿನ ಖಾತೆಯಲ್ಲೇ ಇತ್ತು.

ಆರು ಭಾನುವಾರ ನಾನು ಒಂದೇ ಮಾತು ಹೇಳಿದೆ. "ಕಾರ್ಡನ್ನ ಬೇಕಾದರೆ ದೇವರ ಮುಂದೆ ಇಡಿ, ನಂಬರನ್ನ ದೇವರಿಗೂ ಹೇಳಬೇಡಿ." ಎಲ್ಲರೂ ತಲೆಯಾಡಿಸುತ್ತಿದ್ದರು. ಏಳನೆಯ ವಾರ ನೋಡಿದರೆ ಅದೇ ಡಬ್ಬ, ಅದೇ ಕಟ್ಟು, ಬೆನ್ನ ಮೇಲೆ ಅದೇ ನಂಬರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು ಎಂದು ಸಿಟ್ಟಿನಲ್ಲಿ ಮನೆಗೆ ಬಂದೆ.

ಆ ವಾರವೇ ಒಂದು ಬೆಳಿಗ್ಗೆ ಡ್ರೈವರನ ಫೋನು ಬಂತು. "ಅಮ್ಮ, ಕಾರ್ಡಿನ ಕಟ್ಟು ಇಲ್ಲ. ನಿನ್ನೆ ಜೀಪನ್ನ ಗ್ಯಾರೇಜಲ್ಲಿ ಬಿಟ್ಟಿದ್ದೆ. ಡಬ್ಬದ ಬೀಗ ಯಾರೋ ಮುರ್ದಿದಾರೆ."

ಸೋಮವಾರದೊಳಗೆ ಆ ಹುಡುಗಿಯ ಫೀಸು ಕಟ್ಟಬೇಕಿತ್ತು. ಎಲ್ಲರನ್ನೂ ಕೂಡಲೇ ಕರೆತರಲು ಹೇಳಿ ಕೊಪ್ಪದ ಬ್ಯಾಂಕಿಗೆ ಓಡಿದೆ. ಜೀಪು ಬಂದು ನಿಂತಾಗ ಡ್ರೈವರನ ಮುಖದಲ್ಲಿ ರಕ್ತವೇ ಇರಲಿಲ್ಲ. ಮ್ಯಾನೇಜರು ಮೊದಲು ಎಲ್ಲ ಕಾರ್ಡುಗಳನ್ನೂ ನಿಲ್ಲಿಸಿ, ಆಮೇಲೆ ಒಂದೊಂದೇ ಖಾತೆ ತೆರೆದು ನೋಡಿದರು. ಹಿಂದಿನ ಸಂಜೆಯೇ ಯಾರೋ ಕಾರ್ಡು ಹಾಕಿ ಹಾಕಿ ನೋಡಿದ್ದರು. ಪ್ರತಿ ಸಲವೂ ತಪ್ಪು ನಂಬರು. ಹನ್ನೊಂದು ಖಾತೆಯಲ್ಲೂ ಒಂದು ಪೈಸೆ ಹೋಗಿರಲಿಲ್ಲ.

"ನಂಬರು ಕಾರ್ಡಿನ ಮೇಲೇ ಇತ್ತಲ್ಲ?" ಎಂದೆ.

ಫೀಸಿನವಳು ನೆಲ ನೋಡುತ್ತ ಹೇಳಿದಳು: "ನಿಮ್ಮ ನಾಲ್ಕನೇ ಪಾಠ ಆದ್ಮೇಲೆ ಸಂತೆಗೆ ಬಂದಾಗ ನಾವೆಲ್ಲ ಸೇರಿ ನಂಬರು ಬದ್ಲಾಯಿಸಿದ್ವಿ. ನಾವೇ ಮಾಡ್ದಿದ್ರೆ ಕಲ್ತದ್ದು ಮರ್ತು ಹೋಗ್ತದೆ ಅಂತ ಇವನಿಗೆ ಹೇಳಿ, ಆಮೇಲೆ ದುಡ್ಡನ್ನೂ ನಾವೇ ತೆಗೀತಿದ್ವಿ. ಹಳೇ ನಂಬರು ಉಜ್ಜಿದ್ರೆ ಇವನಿಗೆ ಬೇಜಾರಾಗ್ತದೆ ಅಂತ ಹಾಗೇ ಬಿಟ್ವಿ."

"ನನಗಾದರೂ ಹೇಳಬಾರದಿತ್ತಾ?"

"ನಿಮ್ಮ ದನಿ ಜೀಪಿನವರೆಗೂ ಕೇಳ್ತದಲ್ಲ ಅಮ್ಮ."

ಅಲ್ಲೇ ಬೆಂಚಿನ ಮೇಲೆ ಕೂತೆ. ನಗು ಬಂತು, ಕಣ್ಣೂ ತುಂಬಿತು. ಅಂಥ ನೆಮ್ಮದಿ ನನ್ನ ಸ್ವಂತ ದುಡ್ಡು ಉಳಿದಿದ್ದರೂ ಆಗುತ್ತಿರಲಿಲ್ಲ. ಅವಳು ಪಾಸ್‌ಬುಕ್ ತೋರಿಸಿ ಅಂದೇ ಫೀಸಿನ ಹಣ ತೆಗೆದಳು. ಚೀಟಿಯನ್ನು ತಾನೇ ತುಂಬಿದಳು.

ಆಮೇಲೆ ಎಲ್ಲರ ಕಣ್ಣೂ ಡ್ರೈವರನ ಕಡೆ ಹೋಯಿತು. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಬೇಜಾರು ಎಂತಕ್ಕೆ ಮಾರಾಯ್ತಿ? ನೀವು ನನ್ನ ಪೂರಾ ನಂಬಿದ್ದಿದ್ರೆ ಇವತ್ತು ಊರಿನ ಕಣ್ಣಿಗೆ ನಾನೇ ಕಳ್ಳ ಆಗ್ತಿದ್ದೆ."

ಅವನನ್ನು ತೋಳ ಎಂದಿದ್ದ ನಾಲಿಗೆ ನನ್ನದು. ಅಲ್ಲೇ ಎಲ್ಲರೆದುರು ತಪ್ಪಾಯಿತು ಎಂದೆ. "ಅದಿರ್ಲಿ ಅಮ್ಮ, ಭಾನುವಾರ ನಾನೂ ಒಳಗೆ ಬಂದು ಕೂರ್ಲಾ?" ಎನ್ನುತ್ತ ಅಂಗಿಯ ಜೇಬಿನಿಂದ ತನ್ನದೇ ಕಾರ್ಡು ತೆಗೆದು ಕೊಟ್ಟ. ಅದರ ಬೆನ್ನ ಮೇಲೂ ದಪ್ಪಗೆ ನಾಲ್ಕು ಅಂಕಿ ಬರೆದಿತ್ತು. ಆ ಸಲ ನಾನು ಬೈಯಲಿಲ್ಲ.