ಹೊಕ್ಕುಳಿನ ಮೇಲೆ ಒಂದು ರೂಪಾಯಿ

ಪಶುವೈದ್ಯೆ ನಮ್ಮ ನಾಯಿಮರಿಯ ಹೊಟ್ಟೆಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಿದ್ದಂತೆ ಒಂದು ರೂಪಾಯಿ ನಾಣ್ಯ ಸ್ಟೀಲ್ ಮೇಜಿನ ಮೇಲೆ ಠಣ್ಣೆಂದು ಬಿತ್ತು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. 2007ರಲ್ಲಿ ನಾವು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿದ್ದೆವು. ಉಡುಪಿಯಿಂದ ಬಂದಿದ್ದ ಅತ್ತೆ, ಮರಿಯ ಹೊಕ್ಕುಳು ಉಬ್ಬಿದ್ದು ಕಂಡು ಅದು ಒಳಗೆ ಹೋಗಲೆಂದು ನನಗೆ ಹೇಳದೆ ನಾಣ್ಯವಿಟ್ಟು ಕಟ್ಟಿದ್ದರು.

“ನನ್ನ ಮಗನಿಗೂ ಹೀಗೇ ಕಟ್ಟಿದ್ದೆ ಮಾರಾಯ್ತಿ, ಆರು ತಿಂಗಳಲ್ಲಿ ಒಳಗೆ ಹೋಯ್ತು. ಅವರಿಗೆ ಹೇಳು,” ಎಂದರು ಅತ್ತೆ. ನಾನು ಸ್ವೀಡಿಷ್‌ನಲ್ಲಿ ಹೇಳಿದೆ.

ವೈದ್ಯೆ ನಗಲಿಲ್ಲ. ಚಿಕ್ಕಂದಿನಲ್ಲಿ ತನಗೂ ಅಜ್ಜಿ ನಾಣ್ಯ ಕಟ್ಟಿದ್ದರು ಎಂದರು! ಆಮೇಲೆ ಅತ್ತೆಯ ತೋರುಬೆರಳು ಹಿಡಿದು ಉಬ್ಬನ್ನು ಮೆಲ್ಲಗೆ ಒತ್ತಿಸಿದರು. ಉಬ್ಬು ಒಳಗೆ ಸರಿದು, ಚರ್ಮದಡಿ ಉಂಗುರದಂಥ ತೂತು ಬೆರಳಿಗೆ ಸಿಕ್ಕಿತು. ಅದು ಏಟು ಬಿದ್ದು ಹರಿದದ್ದಲ್ಲ, ಹುಟ್ಟಿದ ಮೇಲೆ ಮುಚ್ಚದೆ ಉಳಿದದ್ದಂತೆ.

“ಹೀಗೆ ಒಳಗೆ ಹೋಗುವವರೆಗೆ ಭಯವಿಲ್ಲ. ಉಬ್ಬು ಗಟ್ಟಿಯಾಗಿ, ಮರಿ ವಾಂತಿ ಮಾಡಿದರೆ ಕರುಳು ಸಿಕ್ಕಿಕೊಂಡಿರಬಹುದು, ತಕ್ಷಣ ತನ್ನಿ. ನಾಣ್ಯ ಕಟ್ಟಿದರೆ ಅದು ನಿಮಗೆ ಗೊತ್ತೇ ಆಗುವುದಿಲ್ಲ,” ಎಂದರು. ಮಕ್ಕಳಲ್ಲಿ ಹೆಚ್ಚಾಗಿ ತಾನಾಗಿಯೇ ಮುಚ್ಚುತ್ತದೆ, ಹೆಸರು ಮಾತ್ರ ನಾಣ್ಯಕ್ಕೆ ಬರುತ್ತದೆ ಎಂದೂ ಸೇರಿಸಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಮೇಜಿನ ಮೇಲಿದ್ದ ನಾಣ್ಯವನ್ನು ಎತ್ತಿ ಪರ್ಸಿಗೆ ಹಾಕಿಕೊಂಡರು.

ಬೇಸಿಗೆಯಲ್ಲಿ ಆ ತೂತು ಮುಚ್ಚುವ ಆಪರೇಷನ್ ಆಗಿ ಮರಿ ಚೆನ್ನಾಗಿ ಬೆಳೆಯಿತು. ಆದರೆ ನನ್ನ ಕಣ್ಣಲ್ಲಿ ಉಳಿದದ್ದು ವೈದ್ಯೆಯ ಬಳಿ ಹೋಗಿ ಬಂದ ಆ ದಿನದ ಸಂಜೆ. ಕಾರ್ಖಾನೆಯ ಕೆಲಸ ಮುಗಿಸಿ ಬಂದ ಮೂವತ್ತಾರರ ಮಗನನ್ನು, ಅಂದರೆ ನನ್ನ ಗಂಡನನ್ನು, ಬಾಗಿಲಲ್ಲೇ ನಿಲ್ಲಿಸಿ, ಅಂಗಿ ಎತ್ತಿಸಿ, ಅತ್ತೆ ಅದೇ ಬೆರಳಿನಿಂದ ಹೊಕ್ಕುಳು ಒತ್ತಿ ನೋಡಿದರು. ಪೂರ್ತಿ ಮುಚ್ಚಿದೆ ಎಂದು ಖಾತ್ರಿಯಾದ ಮೇಲೆಯೇ ಅವರಿಗೆ ಕಾಫಿ ಸಿಕ್ಕಿದ್ದು.