ತಾರಿನಲ್ಲಿ ನಾನು ಓದದೆ ಬಿಟ್ಟ ಎರಡು ಮಾತು

ಖಟ್ ಎಂದು ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದು. 1962ರ ಕೊನೆ. ಕ್ರಿಸ್‌ಮಸ್ ರಜೆಗೆಂದು ನಾನು ಗುಲ್ಬರ್ಗದ ಕಾನ್ವೆಂಟ್ ಹಾಸ್ಟೆಲ್ಲಿನಿಂದ ಕರಜಗಿಯ ಮನೆಗೆ ಬಂದಿದ್ದೆ. ಅಂಚೆಯ ಸೈಕಲ್ಲಿನವನು ತಾರು ತಂದಿದ್ದ, ಟೆಲಿಗ್ರಾಂ. ನಮ್ಮ ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಕಲಿತವರು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಹತ್ತು ವರ್ಷದ ನನಗೊಬ್ಬಳಿಗೇ. ರೀಡಿಂಗ್‌ನಲ್ಲಿ ಸಿಸ್ಟರ್ ಪ್ರೈಜ್ ಬೇರೆ ಕೊಟ್ಟಿದ್ದರು, ಅದರ ಜಂಬವೂ ಇತ್ತು.

ಅಣ್ಣ ಸೈನ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ತಾರಿನಲ್ಲಿ ಅವನ ನಂಬರು, ಹೆಸರು, ಆಮೇಲೆ 'ಮಿಸ್ಸಿಂಗ್, ಬಿಲೀವ್ಡ್ ಕಿಲ್ಡ್' ಎಂದಿತ್ತು. ಕಾಣೆಯಾಗಿದ್ದಾನೆ, ಸತ್ತಿರಬೇಕೆಂದು ನಂಬಲಾಗಿದೆ. ಮೊದಲಿನ ಮಾತಷ್ಟು ಹೇಳಿ ತಲೆಯೆತ್ತಿದೆ. ಅವ್ವ ಹಿಟ್ಟು ಹತ್ತಿದ ಕೈ ಹಾಗೇ ಹಿಡಿದು ನಿಂತಿದ್ದಳು. ಅವಳ ಹಿಂದೆ ವೈನಿ, ಅಣ್ಣನ ಹೆಂಡತಿ, ಹದಿನೇಳು ವರ್ಷದವರು. ಉಳಿದ ಎರಡು ಮಾತು ನನ್ನ ಬಾಯಿಂದ ಬರಲಿಲ್ಲ. ಇಷ್ಟೇ ಏನು ಎಂದು ಅಪ್ಪ ಕೇಳಿದರು. ಇಷ್ಟೇ ಎಂದೆ.

ಆಮೇಲೆ ಬಂದ ಕಾಗದಗಳನ್ನೆಲ್ಲ ಅಪ್ಪ ಅಫಜಲಪುರದ ವಕೀಲರೊಬ್ಬರಿಗೆ ತೋರಿಸಿದರು. ಅವರೇನು ಹೇಳಿದರೋ, ಅಪ್ಪ ಮನೆಯಲ್ಲಿ ಬಾಯಿ ಬಿಡಲಿಲ್ಲ. ಊರವರಂತೂ ಸತ್ತನೆಂದೇ ತಿಳಿದರು. ನಾಲ್ಕು ವರ್ಷದ ಮೇಲೆ ಜೇವರ್ಗಿ ಕಡೆಯವರು ವೈನಿಯನ್ನು ಉಡಿಕಿಗೆ, ಅಂದರೆ ಮರುಮದುವೆಗೆ, ಕೇಳಿಕೊಂಡು ಬಂದರು. ಒಳ್ಳೆಯ ಜನ. ವೈನಿ ಹೊರಗೇ ಬರಲಿಲ್ಲ. ತಾರಿನಲ್ಲಿ ಹಾಗೆ ಇಲ್ಲ, ಪ್ರಭಾ ಓದ್ಯಾಳ ಎಂದು ಒಳಗಿನಿಂದಲೇ ಹೇಳಿ ಕಳಿಸಿದರು. ಪ್ರಭಾ ನಾನೇ. ಆಗ ನನಗೆ ಹದಿನಾಲ್ಕು. ಪಕ್ಕದ ಕೋಣೆಯಲ್ಲೇ ಇದ್ದೆ.

ನನ್ನನ್ನು ಆಳಂದಕ್ಕೆ ಕೊಟ್ಟರು. ಮಕ್ಕಳು, ಸ್ಕೂಲಿನ ನೌಕರಿ, ರಿಟೈರ್‌ಮೆಂಟ್. ಹೇಳಬೇಕು ಅನ್ನಿಸಿದಾಗೆಲ್ಲ ಈಗ ಬೇಡ, ಮುಂದೆ ಎಂದು ತಳ್ಳಿದೆ. ಟು ಬಿ ಫ್ರ್ಯಾಂಕ್, ಅದು ಹೆದರಿಕೆ. ನಾನದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡಿದ್ದೆ.

ಹೋದ ವರ್ಷ ಬ್ಯಾಂಕಿನಲ್ಲಿರುವ ನನ್ನ ಮಗಳಿಗೆ ಗುವಾಹಟಿಗೆ ಟ್ರಾನ್ಸ್‌ಫರ್ ಆಯಿತು. ಅಲ್ಲಿಂದ ಕಾರಿನಲ್ಲಿ ಎರಡು ದಿನ ಹೋದರೆ ತವಾಂಗ್, ಅಣ್ಣ ಯುದ್ಧ ಮಾಡಿದ ಬೆಟ್ಟಗಳ ಸೀಮೆ. ವೈನಿಯನ್ನು ಕೇಳಿದೆ. ಎಂಬತ್ತಕ್ಕೆ ಒಂದೇ ವರ್ಷ ಕಮ್ಮಿ, ಆದರೂ ಡಾಕ್ಟರ್‌ಗೆ ತೋರಿಸಿಕೊಂಡು ಹೊರಟೇಬಿಟ್ಟರು. ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ತುಂಬಿಕೊಂಡಿದ್ದರು. ಇದ್ಯಾಕೆ ಎಂದರೆ, ಅವರಿಗೆ ಸೇರ್ತಿತ್ತು ಎಂದರು.

ಆಗಲೇ ನನಗೆ ತಿಳಿಯಬೇಕಿತ್ತು. ದಾರಿಯಲ್ಲಿ ಚಹಾ ಕುಡಿಯಲು ಇಳಿದಲ್ಲೆಲ್ಲ ವೈನಿ ಬಿಸಿಲು ಕಾಯಿಸುತ್ತ ಕೂತ ಮುದುಕರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದರು. ಕನ್ನಡ ಮಾತಾಡುವ ಮುದುಕರು ಈ ಕಡೆ ಯಾರಾದರೂ ಇದ್ದಾರಾ ಎಂದು ಡ್ರೈವರ್‌ನನ್ನು ಕೇಳು ಎಂದರು. ಕೇಳಿದೆ. ಅವನು ಇಲ್ಲ ಮೇಡಂ ಎಂದ.

ಸೇಲಾ ಘಾಟಿನಲ್ಲಿ ಹಿಮ ಇತ್ತು. ವೈನಿ ಅದನ್ನು ಮುಟ್ಟಿ, ಕೈ ಒರೆಸಿಕೊಂಡು, ಇಂಥಾದ್ರಾಗ ಬರೀ ಸ್ವೆಟರ್ ಮ್ಯಾಲ ನಿಲ್ಲಿಸಿದ್ರೇನು ಎಂದು ಕೇಳಿದರು.

ತವಾಂಗ್‌ನ ಸ್ಮಾರಕದಲ್ಲಿ ಕರೀ ಕಲ್ಲುಗಳ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಕೆತ್ತಿದ್ದಾರೆ. ಕಾವಲಿಗಿದ್ದ ಜವಾನನೊಬ್ಬ ಅಣ್ಣನ ಪಲ್ಟನ್ನಿನ ಸಾಲು ತೋರಿಸಿದ. ಹುಡುಕುವುದೇನೂ ಕಷ್ಟವಾಗಲಿಲ್ಲ. ಹೆಸರು ಅಲ್ಲೇ ಇತ್ತು, ನನ್ನ ಎದೆಯ ಎತ್ತರಕ್ಕೆ.

"ಇದು ಕಳದೋದವ್ರ ಪಟ್ಟಿ ಏನ್ ಬೇ?" ಎಂದರು ವೈನಿ.

"ಅಲ್ರಿ ವೈನಿ. ಸತ್ತವರದು."

"ಮತ್ತ ತಾರದಾಗ?"

ಹೇಳಿದೆ. ಆ ಎರಡು ಮಾತು ಏನಿದ್ದವು, ಅವುಗಳ ಅರ್ಥವೇನು, ನಾನು ಅಪ್ಪನಿಗೆ ಏನೆಂದೆ, ಎಲ್ಲವನ್ನೂ. ಕ್ಲಾಸಿನಲ್ಲಿ ಪಾಠ ಹೇಳುವ ದನಿಯೇ ಬಂತು, ಬೇರೆ ದನಿ ಸಿಗಲಿಲ್ಲ. ಅವರು ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ.

"ಆವಾಗ ನೀ ಹತ್ತು ವರ್ಷದ ಕೂಸಿದ್ದಿ. ಖರೇ ಅದ," ಎಂದರು ಕೊನೆಗೆ. "ಆಮ್ಯಾಲ ಇಪ್ಪತ್ತಾದಿ. ನಲವತ್ತಾದಿ. ಜೇವರ್ಗಿಯವ್ರು ಬಂದಾಗ ಮನ್ಯಾಗೇ ಇದ್ದಿ."

ಸಾರಿ ಎಂಬ ಇಂಗ್ಲಿಷ್ ಶಬ್ದ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ನಮ್ಮ ಕಡೆ ಸತ್ತವರನ್ನು ಹೂಳುವಾಗ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ವೈನಿ ಹೂವಿನ ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, ಮಂಡಿ ಹಿಡಿದು ನಿಧಾನ ಬಾಗಿ, ಕಲ್ಲಿನ ಬುಡದಲ್ಲಿ ಹಾಕಿದರು. ಜವಾನ ತಡೆಯಲು ಬಂದ. ನಾನು ಹಿಂದಿಯಲ್ಲಿ ವಿಷಯ ಹೇಳಿದೆ. ಅವನು ಬೂಟು ಕೂಡಿಸಿ ಸೆಲ್ಯೂಟ್ ಹೊಡೆದು ಪಕ್ಕಕ್ಕೆ ಸರಿದ. ವೈನಿ ನನ್ನತ್ತ ತಿರುಗಿ, "ನೀನೂ ಕೊಡು. ಅಣ್ಣ ಅಲ್ಲೇನು ನಿನಗ" ಎಂದರು. ಕೊಟ್ಟೆ. ಹಿಂಡಿಯ ಡಬ್ಬಿಯನ್ನು ಆ ಜವಾನನಿಗೇ ಕೊಟ್ಟು ಬಂದರು.

ಗುವಾಹಟಿ ಮುಟ್ಟುವವರೆಗೆ ಅವರು ನನ್ನೊಡನೆ ಮಾತಾಡಲಿಲ್ಲ. ನೀರು ಕೊಟ್ಟರೆ ಕುಡಿದರು, ಶಾಲು ಹೊದಿಸಿದರೆ ಹೊದ್ದುಕೊಂಡರು. ಮಗಳು ಏನಾಯಿತಮ್ಮ ಎಂದು ಕೇಳಿದಳು. ಪ್ರಯಾಣದ ದಣಿವು ಎಂದೆ. ಮತ್ತೊಂದು ಸುಳ್ಳು.

ಊರಿಗೆ ಬಂದ ಮೇಲೆ ವೈನಿ ಅಯ್ಯನವರನ್ನು ಕರೆಸಿ ಅಣ್ಣನ ಕಾರ್ಯ ಮಾಡಿಸಿದರು. ಕರಜಗಿಗೆ ಬಾ ಎಂದು ನನಗೂ ಹೇಳಿ ಕಳಿಸಿದರು. ಅಯ್ಯನವರ ಮುಂದೆ ತಾಳಿ ಬಿಚ್ಚಿಟ್ಟು, ಎದ್ದು ಹೋಗಿ ಒಲೆ ನೋಡಿಕೊಂಡರು. ಅತ್ತವರು ನಾವು.

ನಾನು ತವರಿನಿಂದ ಹೊರಡುವಾಗಲೆಲ್ಲ, ಅವ್ವ ಹೋದ ಮೇಲೆ, ಉಡಿ ತುಂಬುತ್ತಿದ್ದವರು ವೈನಿಯೇ. ಆ ಸಂಜೆ ನಾನು ಚೀಲ ಹಿಡಿದು ನಿಂತಾಗ ಅವರು ಮುಂದೆ ಬರಲಿಲ್ಲ. ಮುತ್ತೈದೆ ಮಾಡುವ ಕೆಲಸ ಅದು. ಉಡಿ ಇಲ್ಲದೆ ಹೊರಡುವುದೇ ಸರಿ ಎಂದು ಹೊಸ್ತಿಲು ದಾಟಿದೆ. ಹಿಂದಿನಿಂದ ನಿಲ್ಲು ಅಂದರು. ಪಕ್ಕದ ಮನೆಯ ಸೊಸೆಯನ್ನು ಕೂಗಿ ಕರೆದು, ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲ ಅವಳ ಕೈಗೆ ಕೊಟ್ಟರು. ತಾವು ನಡುಮನೆಯ ಬಾಗಿಲಲ್ಲೇ ನಿಂತರು. ಆ ಹುಡುಗಿ ಸಂಕೋಚದಿಂದ ಒಂದೊಂದೇ ಚಿಟಿಕೆ ಹಾಕುತ್ತಿದ್ದಳು.

"ತುಂಬ ಹಾಕವ್ವ, ಜಿಪುಣತನ ಮಾಡಬ್ಯಾಡ," ಎಂದರು ವೈನಿ. "ಈ ಮನಿ ಮಗಳದಾಳ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಎರಡು ತಿಂಗಳಿಗೆ ಹೋಗಿಬಿಟ್ಟರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ, ಬರಿಯ ಕೊರಳಲ್ಲಿ, ಬಾಗಿಲ ಕಟ್ಟು ಹಿಡಿದು, ನನ್ನ ಉಡಿ ತುಂಬಿತೋ ಇಲ್ಲವೋ ಎಂದು ದೂರದಿಂದ ನೋಡುತ್ತ ನಿಂತದ್ದು.