ಡಾಕ್ಟರ್ ಅಕ್ಕನ ಬ್ರೇಕು

ಹೋದ ವಾರ ಲಿವರ್‌ಮೋರಿನ ದೇವಸ್ಥಾನದಿಂದ ವಾಪಸು ಬಂದು ಕಾರನ್ನು ಮನೆ ಮುಂದೆ ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಒಂದು ವಾಸನೆ ಬಂತು. ಕಾದ ಕಬ್ಬಿಣದ ವಾಸನೆ, ಅದರೊಳಗೆ ಒದ್ದೆ ತುಕ್ಕಿನದು. ಹಳೆಯ ಬಾವಿಯ ರಾಟೆಗೆ ಮೂಗು ತಾಗಿಸಿದ ಹಾಗೆ. ಸ್ಯಾನ್ ಹೊಸೆಯ ನಮ್ಮ ಎವರ್‌ಗ್ರೀನ್ ಬಡಾವಣೆಯಲ್ಲಿ ಕಾರುಗಳು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತವೆಯೇ ಹೊರತು ತುಕ್ಕು ಹಿಡಿಯುವುದು ಕಡಿಮೆ. ಪೂಜೆಯ ತೆಂಗಿನಕಾಯಿ ಕೈಯಲ್ಲಿ ಹಿಡಿದುಕೊಂಡು ಚಕ್ರದ ಪಕ್ಕ ಬಗ್ಗಿ ನಿಂತೆ. ಆಗ ಡಾಕ್ಟರ್ ಅಕ್ಕ ನೆನಪಾದರು. ಅಥವಾ ಬರುವ ದಾರಿಯ ಇಳಿಜಾರಿನಲ್ಲೇ ನೆನಪಾಗಿದ್ದರೋ... ಈಗ ಹೇಳುವುದು ಕಷ್ಟ. ಯಾವುದು ಯಾವುದನ್ನು ಎಬ್ಬಿಸಿತು ಎಂದು ನೆನಪು ಎಂದೂ ನಿಜ ಹೇಳುವುದಿಲ್ಲ.

ಆ ಸುನೋಲ್ ಇಳಿಜಾರಿನಲ್ಲಿ ಬ್ರೇಕು ಮೆತ್ತಗೆ ಅನಿಸಿತ್ತು. ಹತ್ತಿಯ ಮೇಲೆ ಕಾಲಿಟ್ಟ ಹಾಗೆ. ಒತ್ತಿದೆ, ಕಾರು ನಿಧಾನವಾಯಿತು, ಆದರೆ ನಾನು ಕೇಳಿದ್ದಕ್ಕೆ ಅದು ಸ್ವಲ್ಪ ಯೋಚಿಸಿ ಒಪ್ಪಿದಂತೆ ಇತ್ತು. ಇದು ಮಗಳ ಕಾರು. ಪೂರ್ವದ ಹಿಮದ ಊರಿನಲ್ಲಿ ಓದು ಮುಗಿಸಿ ಅದನ್ನು ಇಲ್ಲಿಯವರೆಗೂ ಓಡಿಸಿಕೊಂಡು ಬಂದಳು, ಈಗ ಬೇರೆಯದು ತೆಗೆದುಕೊಂಡು ಇದನ್ನು ನನಗೆ ಬಿಟ್ಟಿದ್ದಾಳೆ. ಬ್ರೇಕು ಮೆತ್ತಗಿದೆ ಎಂದು ನಾನು ತಿಂಗಳಿಂದ ಹೇಳುತ್ತಿದ್ದೇನೆ. ಅವಳು ಗ್ಯಾರೇಜಿಗೂ ಒಯ್ದು ಬಂದಳು. ಬ್ರೇಕಿನ ಪ್ಯಾಡು ಸವೆಯದೆ ದಪ್ಪ ಇದೆ, ಎಲ್ಲ ಸರಿಯಿದೆ ಎಂದರಂತೆ. "ಬ್ರೇಕ್ಸ್ ಆರ್ ಫೈನ್, ಅಮ್ಮ. ಯು ವರಿ ಟೂ ಮಚ್."

ಹಾಗಾದರೆ ಏನು ಮೆತ್ತಗಿದೆ? ಈ ವರ್ಷ ನನ್ನ ರಕ್ತದ ಸಕ್ಕರೆ ಗಡಿ ದಾಟಿದೆ ಎಂದು ಡಾಕ್ಟರು ಹೇಳಿದ್ದಾರೆ. ಅಂದಿನಿಂದ ಕೂತಲ್ಲಿ, ಅಡುಗೆಮನೆಯಲ್ಲಿ ನಿಂತಲ್ಲಿ, ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನು ಒತ್ತಿ ಒತ್ತಿ ನೋಡುತ್ತಿದ್ದೇನೆ. ಈ ಊರಿನಲ್ಲಿ ಕಾರು ಓಡಿಸಲಾಗದಿದ್ದರೆ ನನಗೆ ಆಫೀಸಿಲ್ಲ, ತರಕಾರಿಯಿಲ್ಲ, ದೇವಸ್ಥಾನವಿಲ್ಲ. ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಕಿಟಕಿಯ ಹತ್ತಿರ ಕೂರುವ ಹೆಂಗಸಾಗುತ್ತೇನೆ. ಆ ಭಯ ನನಗೆ ಹೊಸದಲ್ಲ. ಒಮ್ಮೆ ಇನ್ನೊಬ್ಬರ ಮುಖದಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೆ.

ಮದುವೆಯಾದ ಹೊಸತರಲ್ಲಿ ನಾವು ಮಿಷಿಗನ್ನಿನ ಒಂದು ಸಣ್ಣ ಊರಿನಲ್ಲಿದ್ದೆವು. ಪಕ್ಕದ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಗದಗಿನ ಕಡೆಯವರು, ಊರ ಆಸ್ಪತ್ರೆಯಲ್ಲಿ ಡಾಕ್ಟರು. ನಾವೆಲ್ಲ ಡಾಕ್ಟರ್ ಅಕ್ಕ ಎನ್ನುತ್ತಿದ್ದೆವು. ಎತ್ತರದ ಹೆಂಗಸು, ಕೋಟಿನ ಕೆಳಗೆ ಇಳಕಲ್ ಸೀರೆ, ಅದರ ಕೆಳಗೆ ಮೊಣಕಾಲುದ್ದದ ಹಿಮದ ಬೂಟು. ಮಾತು ಜೋರು. ನಾನು ಮೈಸೂರಿನವಳು ಎಂದು ತಿಳಿದ ದಿನವೇ, "ಹಂಗಾದ್ರ ನಿನಗ ಒಂದ್ ಮಾತು ಹೇಳ್ಲಿಕ್ಕೆ ಹತ್ತು ಮಾತು ಬೇಕಾಗ್ತಾವ, ಬಾ, ಚಾ ಕುಡಿ" ಎಂದು ಕರೆದಿದ್ದರು.

ಅವರಿಗೆ ಬ್ರೇಕಿನ ಹುಚ್ಚು. ಬೇರೆ ಪದ ನನಗೆ ಗೊತ್ತಿಲ್ಲ. ಚಳಿಗಾಲವಿಡೀ ಅಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಹಿಮ ಕರಗಲಿ ಎಂದು. ಕರಗಿದ ಉಪ್ಪುನೀರು ಕಾರಿನ ಹೊಟ್ಟೆಗೆ ಹಾರುತ್ತದೆ, ಬ್ರೇಕಿನ ಸಂದುಗಳಲ್ಲಿ ಕೂರುತ್ತದೆ. "ನಿಮ್ಮ ಮೈಸೂರಾಗ ಉಪ್ಪು ಹುಳಿಗೆ ಹಾಕ್ತೀರಿ, ಇವ್ರು ರಸ್ತೆಕ್ಕ ಹಾಕ್ತಾರ. ಹುಳಿ ಕೆಟ್ರ ಚೆಲ್ಲಬಹುದು, ಬ್ರೇಕ್ ಕೆಟ್ರ?" ಬಿಸಿಲು ಬಿದ್ದು ಸ್ವಲ್ಪ ಬೆಚ್ಚಗಾದ ದಿನ ಸಿಕ್ಕರೆ ಸಾಕು, ಕಾರಿನ ಅಡಿಗೆ ನೀರು ಹೊಡೆಸಲು ಹೊರಡುತ್ತಿದ್ದರು, ನನ್ನನ್ನೂ ಕೂರಿಸಿಕೊಂಡು. ತೊಳೆಸಿ ಬರುವಾಗ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕು ಒತ್ತುತ್ತ ಒತ್ತುತ್ತ ಬರುವುದು, ಒದ್ದೆ ಆರಲಿ ಎಂದು. ತೊಳೆದ ಕಾರನ್ನು ಹಾಗೇ ನಿಲ್ಲಿಸಿದರೆ ನೀರು ಹೆಪ್ಪುಗಟ್ಟಿ ಚಕ್ರ ಕಚ್ಚಿಕೊಳ್ಳುತ್ತದೆ. ಅದೇ ಕಾರಣಕ್ಕೆ ಕೊರೆಯುವ ಚಳಿಯಲ್ಲಿ ಹ್ಯಾಂಡ್‌ಬ್ರೇಕು ಎಳೆಯಬಾರದು. ಎಂದೂ ಎಳೆಯದಿದ್ದರೆ ಅದರ ತಂತಿ ತುಕ್ಕಿಗೆ ಬಿಗಿದುಕೊಳ್ಳುತ್ತದೆ, ಆದ್ದರಿಂದ ಒಣ ದಿನಗಳಲ್ಲಿ ಎಳೆಯಬೇಕು. ಇವನ್ನೆಲ್ಲ ಅವರು ಔಷಧಿ ಹೇಳುವ ದನಿಯಲ್ಲೇ ಹೇಳುತ್ತಿದ್ದರು.

ಆಯುಧಪೂಜೆಗೆ ಮುಂಚಿನ ದಿನ ಅವರ ಕಾರು ಗ್ಯಾರೇಜಿನಲ್ಲಿರುತ್ತಿತ್ತು. ಚಕ್ರ ಬಿಚ್ಚಿಸಿ, ಬ್ರೇಕಿನ ಪ್ಯಾಡು ಹಿಂದೆ ಮುಂದೆ ಜಾರುವ ಪಿನ್ನುಗಳನ್ನು ಒರೆಸಿ ಗ್ರೀಸು ಹಚ್ಚಿಸಿ ತರುತ್ತಿದ್ದರು. ಹಿಮ ಬೀಳುವ ಮೊದಲು ಅದಾಗಬೇಕು, ಹಬ್ಬ ಅದಕ್ಕೊಂದು ನೆಪ. ಒಂದು ವರ್ಷ ನಾನು ಭಕ್ತಿಯಿಂದ ಎಣ್ಣೆಯಲ್ಲಿ ಕುಂಕುಮ ಕಲಸಿ ಚಕ್ರದ ನಡುವೆ ಹೊಳೆಯುವ ಬಿಲ್ಲೆಗೆ ಹಚ್ಚಲು ಹೋದೆ. ಅದು ಬ್ರೇಕಿನ ಡಿಸ್ಕು ಎಂದು ನನಗೇನು ಗೊತ್ತು. ಕೂಗಿಕೊಂಡೇ ಓಡಿ ಬಂದರು. "ಏ ಮೈಸೂರಕಿ! ಪೂಜಾ ಬಾನೆಟ್ಟಿಗೆ ಮಾಡು. ಡಿಸ್ಕಿಗೆ ಎಣ್ಣಿ ಹತ್ತಿತಂದ್ರ ಆ ದೇವ್ರು ಬಂದ್ರೂ ಗಾಡಿ ನಿಲ್ಲಂಗಿಲ್ಲ!"

ಎರಡನೆಯ ಚಳಿಗಾಲವೋ ಮೂರನೆಯದೋ, ಬ್ರೇಕು ಸರಿಯಿಲ್ಲ ಎನ್ನತೊಡಗಿದರು. ಹಿಡಿಯುವುದಿಲ್ಲ, ಮೆತ್ತಗಾಗಿದೆ, ಉಪ್ಪು ತಿಂದುಹಾಕಿದೆ. ಪ್ಯಾಡು ಬದಲಾಯಿತು. ಡಿಸ್ಕು ಬದಲಾಯಿತು. ಬ್ರೇಕಿನ ಎಣ್ಣೆ ಹೊಸದಾಯಿತು, ಕೊಳವೆಗಳೂ ಹೊಸವಾದವು. ಗ್ಯಾರೇಜಿನ ಮುದುಕ ಕೊನೆಗೆ ಕೈಮುಗಿಯುವವನಂತೆ ನಿಂತು, ನನ್ನ ಸ್ವಂತ ಕಾರಿಗೂ ಇಷ್ಟು ಒಳ್ಳೆಯ ಬ್ರೇಕಿಲ್ಲ ಡಾಕ್ಟರೇ ಎಂದ. ಅಕ್ಕ ನಂಬಲಿಲ್ಲ. ಮನೆಗೆ ಬರುವವರೆಗೂ ಅವನನ್ನು ಬೈದರು. ಅವರಿಗೆ ಕಾರು ಎಂದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ಅವರು. ಕರೆ ಬಂದ ಕೂಡಲೇ ಹಿಮದಲ್ಲಿ ಹೊರಟುಬಿಡುವ ಡಾಕ್ಟರು ಎಂದು ಊರಿಗೆಲ್ಲ ಹೆಸರು. ಆ ಬೇರೆ ಹೆಸರನ್ನು, ಮಗಳು ಸೊಸೆ ಹೆಂಡತಿ ಎಂಬುದನ್ನು, ಅವರು ಎಲ್ಲಿ ಬಿಟ್ಟು ಬಂದಿದ್ದರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಅಂಗಡಿಯಿಂದ ಬರುತ್ತಿದ್ದೆವು. ನಿಲ್ಲಬೇಕಾದ ಕೂಡುರಸ್ತೆಯಲ್ಲಿ ಕಾರು ನಿಲ್ಲಲಿಲ್ಲ. ಜಾರಲೂ ಇಲ್ಲ, ಸುಮ್ಮನೆ ನಿಧಾನವಾಗಿ ದಾಟಿಬಿಟ್ಟಿತು. ಆಚೆಯಿಂದ ಬಂದ ಟ್ರಕ್ಕು ಉದ್ದಕ್ಕೆ ಹಾರ್ನು ಹೊಡೆಯಿತು. ಅಕ್ಕ ಕಾರನ್ನು ಅಂಚಿಗೆ ತಂದು, "ನೋಡಿದಿ? ಒತ್ತೇನಿ ನಾ. ಪೂರ್ತಿ ಒತ್ತೇನಿ" ಎಂದರು. ಇಳಿದು ಪಕ್ಕದ ಸೀಟಿಗೆ ಬಂದರು. ಉಳಿದ ದಾರಿ ನಾನು ಓಡಿಸಿದೆ. ಮೊದಲ ತಿರುವಿನಲ್ಲಿ ಬ್ರೇಕನ್ನು ಮುಟ್ಟಿದೆನಷ್ಟೇ, ಕಾರು ಗಕ್ಕನೆ ನಿಂತು ಹಿಂದಿನ ಸೀಟಿನ ಆಲೂಗಡ್ಡೆಗಳು ಉರುಳಿ ಕೆಳಗೆ ಬಿದ್ದವು.

"ಅಕ್ಕ, ಚೆನ್ನಾಗಿ ಹಿಡೀತಲ್ಲ..." ಎಂದೆ.

ಅವರು ಮನೆಯೊಳಗೆ ಬಂದು ಕೋಟು ಕೂಡ ತೆಗೆಯದೆ ದೇವರ ಗೂಡಿನಿಂದ ಒಂದು ಹೂಬತ್ತಿ ತಂದು ನನ್ನ ಕೈಗಿಟ್ಟರು. ಕುರ್ಚಿಯಲ್ಲಿ ಕೂತು ಬೂಟು, ಕಾಲುಚೀಲ ಕಳಚಿದರು. ದಿನಾ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದ ಹಿಡಿದು ಸ್ಪರ್ಶ ಉಳಿದಿದೆಯೇ ಎಂದು ನೋಡುತ್ತಿದ್ದ ಹೆಂಗಸು. "ನಾ ಕಣ್ಣ ಮುಚ್ಚತೇನಿ. ಕಾಲಬೆರಳಿಗೆ, ಅಂಗಾಲಿಗೆ, ಎಲ್ಲೆರೆ ಮುಟ್ಟು. ಮುಟ್ಟಿದಾಗ ನಾ ಹ್ಞೂಂ ಅಂತೇನಿ."

ಬತ್ತಿಯ ತುದಿಯಿಂದ ಹೆಬ್ಬೆರಳು ಮುಟ್ಟಿದೆ. ಕಿರುಬೆರಳು ಮುಟ್ಟಿದೆ. ಅಂಗಾಲಿನ ನಡುವೆ ಎಳೆದೆ. ಅವರು ಕಣ್ಣು ಮುಚ್ಚಿಕೊಂಡು ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಮುಖ ಮುಂದೆ ಚಾಚಿ ಕಾಯುತ್ತಿದ್ದರು. ಕಾದು ಕಾದು ಬೇಸರಪಟ್ಟು ಅಂದರು:

"ಯಾಕವಾ, ಇನ್ನೂ ಯಾಕ ಮುಟ್ಟವಲ್ಲಿ?"

"ಮುಟ್ಟಿದೆ ಅಕ್ಕ" ಎಂದೆ.

ಆಮೇಲೆ ಏನಾಯಿತು ಎಂಬುದರಲ್ಲಿ ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅವರು ನಕ್ಕರು ಎಂದು ನೆನಪು. ಕಣ್ಣು ತೆರೆಯದೆ ಬಹಳ ಹೊತ್ತು ಹಾಗೇ ಕೂತಿದ್ದರು ಎಂದೂ ನೆನಪು. ಎರಡೂ ಆಗಿರಲಾರದು... ಆಗಿರಲೂಬಹುದು. ಆ ಕಾಲದಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ಆ ಭಾನುವಾರದ ಕೆಳಗೆ, ಬೇಳೆ ಸರಿಯಾಗಿ ಬೇಯಲಿಲ್ಲ ಎಂದಷ್ಟೇ ಇದೆ. ಕಾಲು ಮರಗಟ್ಟಿದೆ ಎಂದು ಅವರಿಗೆ ಮೊದಲೇ ಗೊತ್ತಿತ್ತೇ? ಬೇರೆಯವರ ಪಾದವಾಗಿದ್ದರೆ ಬಾಗಿಲಿನಿಂದ ಒಳಗೆ ಬರುವ ನಡಿಗೆ ನೋಡಿಯೇ ಹೇಳಿಬಿಡುತ್ತಿದ್ದರು. ತನ್ನದಾದ್ದರಿಂದ ಕಾರಿನ ಪ್ರತಿ ಭಾಗವನ್ನೂ ಬದಲಾಯಿಸಿ ನೋಡಿದರು. ಬದಲಾಯಿಸಲು ಇನ್ನೇನೂ ಉಳಿಯದಿದ್ದಾಗ ಮಾತ್ರ ಕಾಲುಚೀಲ ತೆಗೆದರು. ಹೀಗೆ ಬರೆಯುವಾಗ ಎಲ್ಲ ಎಷ್ಟು ಒಪ್ಪವಾಗಿ ಕೂರುತ್ತದೆ. ಅಷ್ಟು ಒಪ್ಪವಾಗಿರಲಿಲ್ಲ ಎಂಬುದಷ್ಟು ನನಗೆ ಗೊತ್ತು.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಕೀಲಿಕೈ ನನ್ನ ಕೈಗೆ ಹಾಕಿದರು. "ಡ್ರೈವರ್ ನೀನು. ಮೈಸೂರಿನ ದಸರಾ ಆನಿ ಹಂಗ ಹೋಗಬ್ಯಾಡ, ಲಗೂನ ಹೊಡಿ." ಆ ಚಳಿಗಾಲ ಪೂರ್ತಿ ನಾನೇ ಅವರನ್ನು ಆಸ್ಪತ್ರೆಗೆ ಬಿಟ್ಟು ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಕೂತು ಅವರು ಬಲಗಾಲಿನಿಂದ ಖಾಲಿ ನೆಲವನ್ನು ಒತ್ತುತ್ತಿದ್ದರು. ನಾನು ಒತ್ತುವುದಕ್ಕಿಂತ ಒಂದು ಕ್ಷಣ ಮುಂಚೆ. ಪ್ರತಿ ಸಿಗ್ನಲ್ಲಿನಲ್ಲೂ ಕೇಳುತ್ತಿದ್ದರು: "ಹಿಡೀತೇನು?" "ಹಿಡೀತು ಅಕ್ಕ" ಎನ್ನುತ್ತಿದ್ದೆ. ಒಮ್ಮೊಮ್ಮೆ ಕಿರಿಕಿರಿಯಾಗಿ ಸುಮ್ಮನಿರುತ್ತಿದ್ದೆ. ಆಗ ಇನ್ನೊಂದು ಸಲ ಕೇಳುತ್ತಿದ್ದರು.

ಆಮೇಲೆ ನಾವು ಸ್ಯಾನ್ ಹೊಸೆಗೆ ಬಂದೆವು. ಫೋನಿನಲ್ಲಿ, "ಅಲ್ಲಿ ರಸ್ತೆಕ್ಕ ಉಪ್ಪಿಲ್ಲಲ್ಲ, ನಿನಗ ಚಲೋ ಆತು ಬಿಡು" ಎನ್ನುತ್ತಿದ್ದರು. ತಮ್ಮನ್ನು ಈಗ ಯಾರು ಆಸ್ಪತ್ರೆಗೆ ಬಿಡುತ್ತಾರೆ ಎಂದು ಹೇಳುತ್ತಿರಲಿಲ್ಲ. ಫೋನುಗಳು ಹಬ್ಬಕ್ಕೊಂದು ಎಂಬಂತಾದವು. ಒಂದು ದಿನ ಆ ಊರಿನ ಹಳೆಯ ಪರಿಚಯದವರೊಬ್ಬರು ಬೇರೇನೋ ಮಾತಿನ ನಡುವೆ, ನಿಮ್ಮ ಡಾಕ್ಟರು ತೀರಿಹೋದರಲ್ಲ, ಗೊತ್ತಾಗಲಿಲ್ಲವೇ ಎಂದರು...

ನಿನ್ನೆ ಬೆಳಿಗ್ಗೆ ತಡೆಯಲಾಗಲಿಲ್ಲ. ದೇವರ ಕೋಣೆಯಿಂದ ಹೂಬತ್ತಿ ತಂದು ಮಗಳ ಕೈಗಿಟ್ಟು ಸೋಫಾದ ಮೇಲೆ ಕಾಲು ಚಾಚಿದೆ. ಏನು ಮಾಡಬೇಕೆಂದು ಹೇಳಿದೆ. "ದಿಸ್ ಈಸ್ ಸೋ ವಿಯರ್ಡ್" ಎಂದಳು, ಆದರೆ ಕೂತಳು. ಕಣ್ಣು ಮುಚ್ಚಿದೆ. ಹೆಬ್ಬೆರಳು, ಹ್ಞೂಂ. ಅದರ ಪಕ್ಕದ್ದು, ಹ್ಞೂಂ. ತಾಳಕ್ಕೆ ಸರಿಯಾಗಿ ಮುಟ್ಟುತ್ತಿದ್ದಾಳೆ, ನಾನು ತಾಳಕ್ಕೆ ಹ್ಞೂಂಗುಟ್ಟುತ್ತಿದ್ದೇನೆಯೇ ಎಂದು ಅನುಮಾನವಾಯಿತು. "ಹೀಗಲ್ಲ, ಸ್ವಲ್ಪ ತಡೆದು, ನನಗೆ ಗೊತ್ತಾಗದ ಹಾಗೆ" ಎಂದೆ.

ಕಾದೆ. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಹೊರಗೆ ಯಾರೋ ಗಾಳಿಯ ಯಂತ್ರ ಹಿಡಿದು ಉದುರಿದ ಎಲೆಗಳನ್ನು ತಳ್ಳುತ್ತಿದ್ದರು. ಇನ್ನೂ ಏನೂ ಇಲ್ಲ.

"ಇನ್ನೂ ಯಾಕೆ ಮುಟ್ಟಲಿಲ್ಲ?" ಎಂದೆ. ಎಂದ ಕೂಡಲೇ ನನ್ನ ದನಿ ಯಾರ ದನಿ ಎಂದು ಕೇಳಿಸಿತು. ಕಣ್ಣು ತೆರೆಯಲು ಧೈರ್ಯವಾಗಲಿಲ್ಲ.

"ನೀನೇ ವೇಟ್ ಮಾಡು ಅಂದ್ಯಲ್ಲ ಅಮ್ಮ" ಎಂದಳು ಮಗಳು. ಅಷ್ಟರಲ್ಲಿ ಕಿರುಬೆರಳಿನ ಬುಡದಲ್ಲಿ ಕಚಗುಳಿಯಾಗಿ ನನ್ನ ಕಾಲು ತಾನೇ ಹಿಂದೆ ಹಾರಿತು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕ ಆ ಕುರ್ಚಿಯಲ್ಲಿ ಕಾದದ್ದು ಇದಕ್ಕೇ, ಇಷ್ಟು ಸಣ್ಣದಕ್ಕೆ.

ಹಾಗಾದರೆ ತಪ್ಪು ಕಾಲಿನದಲ್ಲ, ಕಾರಿನದು. ಅದನ್ನು ಓಡಿಸಲಿಲ್ಲ, ಎಳೆಸಿಕೊಂಡು ಇನ್ನೊಂದು ಗ್ಯಾರೇಜಿಗೆ ಒಯ್ದೆವು. ಉಪ್ಪಿನ ಊರಿನಲ್ಲಿ ನಾಲ್ಕು ಚಳಿಗಾಲ ಕಂಡ ಗಾಡಿ, ಪ್ಯಾಡು ಮಾತ್ರ ನೋಡಬೇಡಿ ಎಂದೆ. ಎತ್ತಿ ನಿಲ್ಲಿಸಿ ದೀಪ ಹಿಡಿದು ತೋರಿಸಿದರು. ಹಿಂದಿನ ಚಕ್ರದ ಹತ್ತಿರ ಬ್ರೇಕಿನ ಕೊಳವೆ ತುಕ್ಕು ಹಿಡಿದು ಉಬ್ಬಿತ್ತು. ಅದರ ಮೇಲೆ ಬೆವರಿನಂತೆ ಎಣ್ಣೆಯ ತೇವ. ಪ್ಯಾಡು ಜಾರುವ ಪಿನ್ನು ಕಚ್ಚಿಕೊಂಡಿತ್ತು, ಕಾದ ವಾಸನೆ ಅದರದ್ದು. ಈ ಕಡೆ ಇಂಥದ್ದು ನಾವು ನೋಡುವುದೇ ಇಲ್ಲ ಎಂದರು. ಮಗಳು ಅದನ್ನೇ ನೋಡುತ್ತ ನಿಂತಿದ್ದಳು.

ಡಾಕ್ಟರ್ ಅಕ್ಕನಿಗೆ ಫೋನು ಮಾಡಬೇಕೆನಿಸಿತು. ಅಕ್ಕ, ಕಾಲಲ್ಲ, ಗಾಡಿ ಎನ್ನಬೇಕು. ಅವರು ಮೊದಲು ಬೈಯಬೇಕು, ಒಂದು ತಿಂಗಳಿಂದ ಏನು ಮಾಡುತ್ತಿದ್ದೆ ಎಂದು. ಅವರ ನಂಬರು ಇನ್ನೂ ನನ್ನ ಫೋನಿನಲ್ಲಿದೆ. ಅದು ಈಗ ಯಾರದ್ದಾಗಿದೆಯೋ.

ಇವತ್ತು ಸಂಜೆ ಕಾರು ಕೈಗೆ ಬಂತು. ನಾನೇ ಓಡಿಸಿದೆ. ಮೊದಲ ಕೆಂಪು ದೀಪದಲ್ಲಿ ಬ್ರೇಕು ಒತ್ತಿದೆ, ಒತ್ತಿದಷ್ಟಕ್ಕೆ ಸರಿಯಾಗಿ ಕಾರು ನಿಂತಿತು. ಪಕ್ಕದ ಸೀಟಿನಲ್ಲಿ ಮಗಳು ಫೋನು ನೋಡುತ್ತಿದ್ದಳು. ನಾನು ಸ್ವಲ್ಪ ಹೊತ್ತು ಕಾದೆ. ಹಿಡೀತೇನು ಎಂದು ಯಾರೂ ಕೇಳಲಿಲ್ಲ.